ಪುಟ್ಟಯ್ಯನ ಟವೆಲ್ ಸವಾಲು

ಬೆಳಗಿನ ಆರು ಗಂಟೆಗೆ ಅಜ್ಜಂಪುರದ ಈರುಳ್ಳಿ ಮಂಡಿಯೊಳಗೆ ಕಾಲಿಟ್ಟರೆ ಮೊದಲು ಕಣ್ಣುರಿ, ಆಮೇಲೆ ಸದ್ದು. ರಾತ್ರಿ ಬಂದಿಳಿದ ಚೀಲಗಳು ಬಾಯಿ ಬಿಚ್ಚಿಕೊಂಡು ಸಾಲಾಗಿ ಕೂತಿವೆ. ಒಂದು ಚೀಲದ ಮೇಲೆ ನಿಂತು, ಹೆಗಲಿಗೆ ಕೆಂಪಂಚಿನ ಟವೆಲ್ ಹಾಕಿಕೊಂಡ ಸಣಕಲು ಮನುಷ್ಯರೊಬ್ಬರು ಧಾರಣೆ ಕೂಗುತ್ತಿದ್ದಾರೆ. ಕೂಗುತ್ತಿದ್ದಾರೆ ಎಂದು ಬರೆದದ್ದು ತಪ್ಪು. ತುಟಿ ಆಡುತ್ತದೆ, ಬೆರಳು ಏಳುತ್ತದೆ, ದನಿ ಮಾತ್ರ ಎರಡು ಮಾರು ದೂರದಲ್ಲಿರುವ ನನಗೂ ಅರ್ಧವೇ ಕೇಳುತ್ತದೆ. ಖರೀದಿದಾರರು ಕತ್ತು ಚಾಚಿ, ಪಕ್ಕದವನಿಗೆ "ಸುಮ್ನಿರಪ್ಪಾ ಒಸಿ" ಎಂದು ಗದರಿ, ಅವರ ಬಾಯನ್ನೇ ನೋಡುತ್ತಿದ್ದಾರೆ.

ಇವರು ಪುಟ್ಟಯ್ಯ. ವಯಸ್ಸು ಐವತ್ತೆಂಟು. ಮೊನ್ನೆ ಮೊನ್ನೆಯವರೆಗೆ ಇವರು ಮಂಡಿಯಲ್ಲಿ ಬಾಯಿ ತೆಗೆದರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತವರಿಗೆ ಆ ದಿನದ ಧಾರಣೆ ಗೊತ್ತಾಗುತ್ತಿತ್ತು ಎಂದು ಊರು ಹೇಳುತ್ತದೆ. ಊರು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತದೆ ಅನ್ನಿ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮಾತ್ರ ಬೇರೆಯದೇ ಕುತೂಹಲ. ಹುಬ್ಬಳ್ಳಿಯಿಂದಾಚೆಗೆ ಒಂದೇ ಒಂದು ಸಲ ಹೋದ ಈ ಮನುಷ್ಯ, ಹನ್ನೊಂದು ವರ್ಷದಿಂದ ನೇಪಾಳದ ಒಂದು ಆಸ್ಪತ್ರೆಗಾಗಿ ಪುಕ್ಕಟೆ ಕೂಗುತ್ತಿದ್ದಾರೆ. ಯಾಕೆ?

ಸೀಸನ್ನಿನಲ್ಲಿ ದಿನಕ್ಕೆ ನೂರು, ನೂರಿಪ್ಪತ್ತು ರಾಶಿ. ಒಂದೊಂದಕ್ಕೂ ಹತ್ತು ಹನ್ನೆರಡು ಸಲ ಬಾಯಿ ತೆರೆಯಬೇಕು. ಬಿಸಿಲೇರುವಷ್ಟರಲ್ಲಿ ಸಾವಿರ ದಾಟುತ್ತದೆ. ಐದನೇ ತರಗತಿಗೆ ಶಾಲೆ ಬಿಟ್ಟು ಹಮಾಲಿಗೆ ಸೇರಿದ ಹುಡುಗ, ಒಂದು ದಿನ ಕೂಗುವವನು ಜ್ವರ ಬಂದು ಮಲಗಿದಾಗ ಚೀಲ ಕೆಳಗಿಟ್ಟು ಅದರ ಮೇಲೇ ಹತ್ತಿ ನಿಂತದ್ದು. "ಇಳೀಲೇ ಇಲ್ಲ ಸಾರ್ ಆಮ್ಯಾಕೆ," ಎನ್ನುತ್ತಾರೆ. ಮಾತು ಮುಗಿದ ಮೇಲೆ ಬಿಸಿನೀರು ಒಂದು ಗುಟುಕು. ಈಗ ಅವರಿಗೆ ಮಾತಿಗೂ ರೇಷನ್ನು.

ಆಸ್ಪತ್ರೆಯ ಕತೆ ಹೇಳುವವರು ಅವರ ಹೆಂಡತಿ ತಿಪ್ಪಮ್ಮ. ಹನ್ನೆರಡು ವರ್ಷದ ಹಿಂದೆ ಕಡೂರು, ತರೀಕೆರೆ, ಅಜ್ಜಂಪುರದ ಬೌದ್ಧ ಮನೆಗಳವರು ನಲವತ್ತು ಜನ ಸೇರಿ ಲುಂಬಿನಿಗೆ ಯಾತ್ರೆ ಹೊರಟಿದ್ದರು. ಗಡಿ ದಾಟಿದ ಮಾರನೇ ದಿನ ತಿಪ್ಪಮ್ಮನಿಗೆ ಹೊಟ್ಟೆನೋವು. ಗ್ಯಾಸು ಎಂದು ಎಲ್ಲರೂ ಓಮಿನಕಾಳು ಅಗಿಸಿದರು. ಸಂಜೆಗೆ ಅವರು ಬಸ್ಸಿನ ಸೀಟಿನಿಂದ ಜಾರಿ ಕೆಳಗೆ ಬಿದ್ದರು. ದಾರಿಯಲ್ಲಿ ಸಿಕ್ಕಿದ್ದು ಬೌದ್ಧ ಸನ್ಯಾಸಿನಿಯರು ನಡೆಸುವ ಮೂವತ್ತು ಹಾಸಿಗೆಯ ಆಸ್ಪತ್ರೆ. ಒಳಗೆ ಅಪೆಂಡಿಕ್ಸ್ ಒಡೆದಿತ್ತು.

"ಹತ್ತೊಂಬತ್ತು ದಿವ್ಸ ಮಲಗಿದ್ದೆ ಕಣಪ್ಪಾ," ಎನ್ನುತ್ತಾರೆ ತಿಪ್ಪಮ್ಮ. "ಭಾಷೆ ಬರಾಕಿಲ್ಲ, ಊಟ ಒಗ್ಗಾಕಿಲ್ಲ. ಗುಲಾಬಿ ಬಟ್ಟೆ ಉಟ್ಟ ಆ ತಾಯಿ, ಗುರುಮಾ ಅಂತಾರೆ ಅವ್ರಿಗೆ, ದಿನಾ ಬಂದು ತಲೆ ಬಾಚೋರು. ನನ್ನ ಹೆತ್ತವ್ವನೂ ಹಂಗೆ ಬಾಚಿರಲಿಲ್ಲ."

ಹೊರಡುವ ದಿನ ಪುಟ್ಟಯ್ಯ ಬಿಲ್ಲು ಎಷ್ಟು ಎಂದು ಕೇಳಿದರು. ಬಿಲ್ಲು ಇಲ್ಲ ಎಂದರು ಗುರುಮಾ. ಹಿಂದಿ ಬಲ್ಲ ಗೈಡನ್ನು ನಡುವೆ ನಿಲ್ಲಿಸಿಕೊಂಡು ಪುಟ್ಟಯ್ಯ ಹಟ ಹಿಡಿದರು. ಹಾಗಾದರೆ ಊರಲ್ಲಿ ನೀವೇನು ಕೆಲಸ ಮಾಡುತ್ತೀರಿ ಎಂದು ಆಕೆ ವಿಚಾರಿಸಿದರು. "ಕೂಗ್ತೀನಿ ಅಂದೆ. ಅದೊಂದೇ ಬರೋದು ನಂಗೆ. ಅವ್ರು ನಕ್ಕುಬಿಟ್ಟು, ಹಂಗಾದ್ರೆ ನಮ್ಮ ಹೆಸರಲ್ಲೂ ಒಂದ್ಸಲ ಕೂಗಿ ಅಂದ್ರು." ಆ ಹೆಣ್ಣುಮಗಳು ತಮಾಷೆಗೆ ಅಂದದ್ದಿರಬಹುದು. ಈ ಮನುಷ್ಯ ಅದನ್ನು ಗಂಟು ಕಟ್ಟಿಕೊಂಡು ಬಂದರು.

ಅಲ್ಲಿಂದ ಶುರುವಾದದ್ದು ವರ್ಷಕ್ಕೆ ಮೂರು ಕಾರ್ಯಕ್ರಮ. ಕಡೂರಿನಲ್ಲಿ ಹೋಳಿಗೆ ಊಟ, ಅಜ್ಜಂಪುರದಲ್ಲಿ ಕಬಡ್ಡಿ, ಅಕ್ಟೋಬರಿನಲ್ಲಿ ತರೀಕೆರೆಯ ಬುದ್ಧವಿಹಾರದ ಸಭಾಂಗಣದಲ್ಲಿ ಸವಾಲು, ಅಂದರೆ ಹರಾಜು. ಕಾಗದ, ಬ್ಯಾಂಕು, ಪರವಾನಗಿ ಎಲ್ಲವನ್ನೂ ನೋಡಿಕೊಳ್ಳುವವರು ತರೀಕೆರೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಚಂದ್ರಕುಮಾರ್. ಬರುವವರು ಬೌದ್ಧರಷ್ಟೇ ಅಲ್ಲ. ಮಂಡಿಯ ದೊಡ್ಡ ವರ್ತಕ ಬಸವರಾಜಪ್ಪ ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. "ಆಸ್ಪತ್ರೆಗೆ ಯಾವ ಮತ ಕಣ್ರೀ? ರೋಗಕ್ಕೆ ಇದ್ರೆ ಅದಕ್ಕೂ ಇರ್ಲಿ," ಎನ್ನುವುದು ಅವರ ವಾದ.

ಸವಾಲಿಗಿಡುವುದು ಏನು? ಒಂದು ಸಿಹಿಗುಂಬಳಕಾಯಿ. ಸವಾಲು ಗೆದ್ದವರು ಹಣ ಕೊಟ್ಟು ಕಾಯಿಯನ್ನು ಮತ್ತೆ ಮೇಜಿನ ಮೇಲಿಡಬೇಕು, ಅದು ಇಲ್ಲಿನ ರೂಢಿ. ಹೋದ ವರ್ಷ ಒಂದೇ ಕುಂಬಳಕಾಯಿ ಹದಿನಾಲ್ಕು ಸಲ ಮಾರಾಟವಾಯಿತು. ಮಾರನೇ ದಿನ ಅದು ವಿಹಾರದಲ್ಲಿ ಪಲ್ಯವಾಯಿತು. ಇಷ್ಟು ಬೆಲೆಬಾಳುವ ಪಲ್ಯವನ್ನು ಯಾವ ರಾಜನೂ ತಿಂದಿರಲಾರ.

ಈ ವರ್ಷ ಸವಾಲಿಗೆ ತೂಕ ಹೆಚ್ಚಿತ್ತು. ಬಸುರಿಯರಿಗೆಂದು ಆಸ್ಪತ್ರೆ ಒಂದು ಸ್ಕ್ಯಾನಿಂಗ್ ಮೆಷಿನ್ ಗೊತ್ತುಮಾಡಿಕೊಂಡಿತ್ತು. ಮೆಷಿನ್ನಿಲ್ಲದೆ ಅಲ್ಲಿನ ಹೆಂಗಸರು ಸ್ಕ್ಯಾನಿಂಗಿಗೆ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಬೇಕು. ಬೇರೆ ಬೇರೆ ಊರಿನವರ ಪಾಲು ಸೇರಿ, ನಮ್ಮವರ ಪಾಲೊಂದೇ ಬಾಕಿ ಉಳಿದಿತ್ತು. ದೀಪಾವಳಿಯೊಳಗೆ ಸೇರದಿದ್ದರೆ ಮೆಷಿನ್ ಬೇರೆಯವರ ಪಾಲು. ಸವಾಲಿಗೆ ಹತ್ತು ದಿನವಿರುವಾಗ ಪುಟ್ಟಯ್ಯನ ಗಂಟಲು ಕಟ್ಟಿತು. ಶಿವಮೊಗ್ಗದ ವೈದ್ಯರು ಪರೀಕ್ಷಿಸಿ, ದನಿಪೆಟ್ಟಿಗೆಯಲ್ಲಿ ಗಂಟಾಗಿದೆ, ಮೂರು ವಾರ ಪಿಸುಮಾತೂ ಕೂಡದು, ಮೀರಿದರೆ ಕೂಗುವುದು ಈ ಜನ್ಮಕ್ಕೆ ಮುಗಿಯಿತು ಎಂದರು.

"ಮನೇಲಿ ಇವ್ರು ಯಾವತ್ತೂ ಗಟ್ಟಿಯಾಗಿ ಮಾತಾಡಿದೋರಲ್ಲ. ಎಲ್ಲಾ ಮಂಡೀಲೇ ಖರ್ಚು ಮಾಡ್ಕಂಡು ಬರೋರು," ಎನ್ನುತ್ತಾರೆ ತಿಪ್ಪಮ್ಮ. "ಅವತ್ತು ಮಾತ್ರ ನಂಗೂ ಭಯ ಆಯ್ತು. ದನಿ ಹೋದ್ರೆ ಕೂಲಿ ಹೋಯ್ತು. ಆದ್ರೆ ಇವ್ರು ಅತ್ತಿದ್ದು ಕೂಲಿಗಲ್ಲ."

ಮೈಕು ಕೊಟ್ಟು ಬೇರೆಯವರನ್ನು ನಿಲ್ಲಿಸೋಣ ಎಂದು ಚಂದ್ರಕುಮಾರ್ ಹೇಳಿದರು. ಪುಟ್ಟಯ್ಯ ಸ್ಲೇಟಿನ ಮೇಲೆ 'ನಾನೇ ಮಾಡ್ತೀನಿ' ಎಂದು ಬರೆದು ಹೆಗಲ ಟವೆಲ್ ತೋರಿಸಿದರು.

ಅವರ ಅಪ್ಪ ದನದ ದಳ್ಳಾಳಿ. ಕಡೂರು ಕಡೆಯ ಎಮ್ಮೆದೊಡ್ಡಿ ಸುತ್ತಿನ ಹೋರಿ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವಂತಿರಲಿಲ್ಲ. ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸಬೇಕು. ಅದನ್ನೇ ಪುಟ್ಟಯ್ಯ ಕುಂಬಳಕಾಯಿಗೆ ತಂದರು. ಒಂದು ಬೆರಳು ಒತ್ತಿದರೆ ಇನ್ನೂರು, ಕೈ ಪೂರ್ತಿ ಹಿಡಿದರೆ ಸಾವಿರ, ಮತ್ತೆ ಮತ್ತೆ ಹಿಡಿದರೆ ಅಷ್ಟು ಸಾವಿರ. ಗೆದ್ದವರನ್ನು ಪುಟ್ಟಯ್ಯ ಕಣ್ಣಲ್ಲೇ ಕರೆದು ತಿಳಿಸುತ್ತಾರೆ, ಅವರು ಒಳಗಿನ ಕೋಣೆಯ ಡಬ್ಬಿಗೆ ಹಣ ಹಾಕಿ ಬಂದರಾಯಿತು. ಚಂದ್ರಕುಮಾರ್ ಮೈಕಿನಲ್ಲಿ ಹೇಳಿದ್ದು ಇಷ್ಟೇ.

ಆ ಭಾನುವಾರ ನಾನೂ ಅಲ್ಲಿದ್ದೆ. ಇನ್ನೂರು ಜನರ ಸಭಾಂಗಣದಲ್ಲಿ ಸವಾಲು ನಡೆಯುತ್ತಿದೆ, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪುಟ್ಟಯ್ಯ ಒಂದೊಂದೇ ಕುರ್ಚಿಯ ಮುಂದೆ ಬಗ್ಗಿ ಟವೆಲ್ ಹೊದಿಸಿದ ಕೈ ನೀಡುತ್ತಾರೆ. ಗಂಡಸರ ಸಾಲು ಮುಗಿಯಿತು. ಹೆಂಗಸರ ಕಡೆ ಹೋಗುವುದು ಹೇಗೆ? ಪರಸ್ತ್ರೀಯರ ಕೈ ಹಿಡಿಯುವುದು ಹೇಗೆ? ಪುಟ್ಟಯ್ಯ ತಬ್ಬಿಬ್ಬಾಗಿ ನಿಂತಿದ್ದಾಗ ತಿಪ್ಪಮ್ಮ ಎದ್ದು ಬಂದು ಟವೆಲ್ ಕಿತ್ತುಕೊಂಡರು. ಹೆಂಗಸರನ್ನೆಲ್ಲ ಸುತ್ತಿ ಬಂದು, ಗಂಡನ ಎದುರು ನಿಂತು, ಟವೆಲ್ ಕೆಳಗೆ ಅವರ ಕೈ ಹಿಡಿದು ಒಬ್ಬೊಬ್ಬರ ಬೆಲೆ ಒತ್ತಿ ತಿಳಿಸಿದರು. ಸಭಾಂಗಣ ಗೊಳ್ಳೆಂದು ನಕ್ಕಿತು. ಪುಟ್ಟಯ್ಯನ ಮುಖ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ.

ನನ್ನ ಮುಂದೆಯೂ ಟವೆಲ್ ಬಂದಿತ್ತು. ಅನುಭವವಿರಲಿ ಎಂದು ಎರಡು ಬೆರಳು ಒತ್ತಿದೆ. ಗೆಲ್ಲಲಿಲ್ಲ. ಒಳಗೊಳಗೆ ಸಮಾಧಾನವೇ ಆಯಿತು. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಹೊಟ್ಟೆ ಹಸಿದು ಎದ್ದು ಬಂದೆ.

ಮಾರನೇ ಬೆಳಿಗ್ಗೆ ಡಬ್ಬಿ ತೆರೆದ ಚಂದ್ರಕುಮಾರ್ ಮೂರು ಸಲ ಎಣಿಸಿದರು. ಗೆದ್ದ ಹತ್ತು ಜನರದ್ದು ಸೇರಿದರೆ ಇಷ್ಟಾಗಬೇಕು ಎಂದು ಪುಟ್ಟಯ್ಯ ಸ್ಲೇಟಿನಲ್ಲಿ ಬರೆದುಕೊಟ್ಟಿದ್ದ ಮೊತ್ತದ ಮೂರರಷ್ಟಿತ್ತು. ಆಗಿದ್ದೇನೆಂದರೆ, ಸೋತವರೂ ಹಾಕಿ ಹೋಗಿದ್ದರು. ದನದ ವ್ಯಾಪಾರ ಕಂಡ ಈ ಸೀಮೆಯಲ್ಲಿ ಟವೆಲ್ ಕೆಳಗೆ ಬೆರಳು ಒತ್ತುವುದೆಂದರೆ ಆಣೆಯಿಟ್ಟ ಹಾಗೆ. ಸೋತವರು ಕೊಡಬೇಕಿಲ್ಲ ಎಂದು ಮೈಕಿನಲ್ಲಿ ಯಾರೂ ಹೇಳಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು, ಸದ್ದಿಲ್ಲದೆ ಒಳಗೆ ಹೋಗಿ ಹಾಕಿ ಬಂದಿದ್ದರು.

ಮೆಷಿನ್ನಿನ ಪಾಲು ಭರ್ತಿಯಾಯಿತು ಎಂದು ಚಂದ್ರಕುಮಾರ್ ಕುಣಿದಾಡಿದರು. ಪುಟ್ಟಯ್ಯ ತಲೆ ಮೇಲೆ ಕೈಹೊತ್ತು ಕೂತರು. "ಮಂಡೀಲಿ ಸೋತೋನ ಹತ್ರ ಒಂದು ಕಾಸು ಇಸ್ಕಂಡ್ರೂ ಅದು ಕಳ್ತನ ಸಾರ್," ಎಂದು ಈಗ ನನಗೆ ವಿವರಿಸುತ್ತಾರೆ. "ನಲವತ್ತು ವರ್ಷ ಕೂಗಿವ್ನಿ. ಒಬ್ಬ ರೈತ, ಒಬ್ಬ ವ್ಯಾಪಾರಿ, ಪುಟ್ಟಯ್ಯ ಮೋಸ ಮಾಡ್ದ ಅಂದಿಲ್ಲ. ಗುರುಮಾ ಹೆಸರಲ್ಲಿ ಅನ್ನಿಸ್ಕಳ್ಳನಾ?" ಯಾರು ಎಷ್ಟು ಬೆರಳು ಒತ್ತಿದರು ಎಂಬುದು ಗಂಡ ಹೆಂಡತಿ ಇಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ವಾಪಸ್ ತೆಗೆದುಕೊಂಡರೆ ಮೆಷಿನ್ ಕೈತಪ್ಪುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಇಬ್ಬರೂ ಮರುದಿನ ಬೆಳಗಿನ ಬಸ್ಸು ಹತ್ತಿ ತರೀಕೆರೆಗೆ ಹೋಗಿ ಮನೆ ಮನೆ ಸುತ್ತಿದರು. ಪುಟ್ಟಯ್ಯನ ಕೈಯಲ್ಲಿ ಸ್ಲೇಟು. ಅದರಲ್ಲಿ ಬರೆದದ್ದು: 'ನೀವು ಸೋತಿದ್ದೀರಿ. ದುಡ್ಡು ವಾಪಸ್ ತಗೊಳ್ಳಿ.'

ಜನ ಓದಿ ನಕ್ಕರು. ಕೆಲವರು ಕಾಫಿ ಕುಡಿಸಿ ಕಳಿಸಿದರು. ಬಸವರಾಜಪ್ಪ ಸ್ಲೇಟು ಇಸಿದುಕೊಂಡು ಅಕ್ಷರ ಒರೆಸಿಯೇ ಬಿಟ್ಟರು. ಇಬ್ಬರು ಮಾತ್ರ ವಾಪಸ್ ತೆಗೆದುಕೊಂಡರಂತೆ. ಯಾರು ಎಂದು ಕೇಳಿದೆ. "ಅವ್ರು ತಗಂಡಿದ್ದೂ ನ್ಯಾಯವೇ," ಎಂದು ಪುಟ್ಟಯ್ಯ ಮಾತು ಮುಗಿಸಿದರು.

ಕೊನೆಗೆ ಹೋದದ್ದು ಬಸ್ ನಿಲ್ದಾಣದ ಹತ್ತಿರ ಹೂ ಮಾರುವ ತೀರ್ಥಮ್ಮನ ಹತ್ತಿರ. ಆಕೆಗೆ ಓದು ಬಾರದು. ತಿಪ್ಪಮ್ಮನೇ ಓದಿ ಹೇಳಿದರು. ತೀರ್ಥಮ್ಮ ಮಾರು ಹಾಕುವ ಕೈ ನಿಲ್ಲಿಸಲಿಲ್ಲ. ಆಕೆ ಅಂದದ್ದನ್ನು ತಿಪ್ಪಮ್ಮ ಅಂದ ಹಾಗೇ ಒಪ್ಪಿಸುತ್ತಾರೆ: "ಎಂಟು ವರ್ಷದಿಂದ ಆ ಹಾಲಿಗೆ ಹೂ ಕೊಟ್ಟು, ಹಿಂದ್ಗಡೆ ನಿಂತ್ಕಂಡು ಸವಾಲು ನೋಡ್ತಿದ್ದೆ. ದೊಡ್ಡೋರು ಕೂಗೋರು, ನಾವು ಚಪ್ಪಾಳೆ ತಟ್ಟೋರು. ಈ ವರ್ಷ ನೀವು ಬಂದು ನನ್ ಕೈ ಎಲ್ಲಿ ಅಂತ ಕೇಳಿದ್ರಿ. ಅದನ್ನೂ ವಾಪಸ್ ಕೊಡಾಕೆ ಬಂದಿದೀರಾ?"

ಪುಟ್ಟಯ್ಯ ಸ್ಲೇಟನ್ನು ಚೀಲದೊಳಗಿಟ್ಟರು. ವೈದ್ಯರ ಮಾತು ಮೀರಿ ಆ ಮೂರು ವಾರದಲ್ಲಿ ಅವರು ಆಡಿದ ಮಾತು ಒಂದೇ. "ತಪ್ಪಾಯ್ತು ತಾಯಿ," ಎಂದರಂತೆ.

ನವೆಂಬರಿನಲ್ಲಿ ಮೆಷಿನ್ ಮುಟ್ಟಿತು. ಗುರುಮಾ ಕಳಿಸಿದ ಫೋಟೊ ಚಂದ್ರಕುಮಾರ್ ಅವರ ಫೋನಿನಲ್ಲಿದೆ. ಮೆಷಿನ್ನಿನ ಪಕ್ಕ ಹೊಟ್ಟೆ ಮುಂದಾದ ಒಬ್ಬ ಹೆಂಗಸು ನಾಚಿಕೊಂಡು ನಿಂತಿದ್ದಾಳೆ. ಪುಟ್ಟಯ್ಯನ ದನಿ ಅರ್ಧದಷ್ಟು ಮರಳಿದೆ, ಪೂರ್ತಿ ಬರುವುದೋ ಇಲ್ಲವೋ ವೈದ್ಯರಿಗೂ ಗೊತ್ತಿಲ್ಲ. ಮಂಡಿಯವರು ಅವರನ್ನು ಬಿಟ್ಟುಕೊಟ್ಟಿಲ್ಲ, ಬದಲಿಗೆ ತಾವು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿತಿದ್ದಾರೆ. ಮುಂದೆ ಕುಂಬಳಕಾಯಿಗೆ ಕೂಗುವುದಿಲ್ಲವಂತೆ, ದನಿ ಬಂದರೂ ಟವೆಲ್ಲೇ. ಸೋತವರು ಕೊಡಬೇಕಿಲ್ಲ ಎಂದು ಮಾತ್ರ ಮೈಕಿನಲ್ಲಿ ಮೂರು ಸಲ ಹೇಳಿಸುತ್ತಾರಂತೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಇನ್ನೊಂದು ಸಲ ತಿಪ್ಪಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎನ್ನುತ್ತಾರೆ. "ರೋಗಿಯಾಗಲ್ಲ. ಸುಮ್ನೆ. ಗುರುಮಾ ಕೈಲಿ ಒಂದ್ಸಲ ತಲೆ ಬಾಚಿಸ್ಕಳ್ಳಿ ಅಂತ."

ಎದ್ದು ಹೊರಡುವಾಗ ಪತ್ರಕರ್ತನ ಚಪಲ ಬಿಡಲಿಲ್ಲ. ತೀರ್ಥಮ್ಮ ಒತ್ತಿದ್ದು ಎಷ್ಟು ಬೆರಳು ಎಂದು ಕೇಳಿಯೇಬಿಟ್ಟೆ. ಪುಟ್ಟಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅದು ಹೇಳಂಗಿಲ್ಲ ಸಾರ್. ಎಲ್ಲಾರ ಕೈನೂ ನೆನಪೈತೆ, ಯಾರದೂ ಹೇಳಲ್ಲ." ಬಿಸಿನೀರು ಗುಟುಕರಿಸಿದರು. "ನಿಮ್ದೂ ನೆನಪೈತೆ. ಎರಡು ಬೆರಳು. ಸೋತ್ರಿ. ನ್ಯಾಯವಾಗಿ ನೀವೇನೂ ಕೊಡಂಗಿಲ್ಲ."

ನಾನು ಹಿಡಿಯಬೇಕಿದ್ದದ್ದು ಕಡೂರಿನ ಬಸ್ಸು. ಜೇಬಿನಲ್ಲಿ ನಾನೂರು ರೂಪಾಯಿ ಇದೆಯೇ ಎಂದು ನೋಡಿಕೊಂಡೆ. ತರೀಕೆರೆಯ ಬಸ್ಸು ಎಲ್ಲಿ ನಿಲ್ಲುತ್ತದೆ, ಇಳಿದ ಮೇಲೆ ಚಂದ್ರಕುಮಾರ್ ಅವರ ಮನೆ ಯಾವ ಬೀದಿ ಎಂದು ಕೇಳಿದೆ. ಪುಟ್ಟಯ್ಯ ದನಿ ಖರ್ಚು ಮಾಡದೆ ಕೈಯಲ್ಲೇ ದಾರಿ ತೋರಿಸಿದರು.