ದಿನಾ ಎರಡೂ ಹೊತ್ತು

ಫೆಬ್ರುವರಿ ಒಂಬತ್ತು, ಬೆಳಿಗ್ಗೆ ಹತ್ತು ಗಂಟೆ. ನಮ್ಮ ಕಂಪನಿ ಪರೀಕ್ಷೆಗೆಂದು ಮನೆಮನೆಗೆ ಕೊಟ್ಟಿದ್ದ ವಿದ್ಯುತ್ ಒಲೆಯ ಬಗ್ಗೆ ವಿಚಾರಿಸಲು ಹಲಗೇರಿಯ ಗೌರವ್ವನವರ ಮನೆಗೆ ಹೋದೆ. ಒಲೆಯನ್ನು ಹೀಗೆಯೇ ತಯಾರಿಸಬೇಕೇ ಎಂಬುದು ನನ್ನ ವರದಿಯನ್ನು ಅವಲಂಬಿಸಿತ್ತು.

"ಒಲಿ ಬಳಸ್ತೀರೇನವ್ವಾ?" ಎಂದೆ ಪಡಸಾಲೆಯಿಂದ.

"ದಿನಾ ಎರಡೂ ಹೊತ್ತರಿ ಅಕ್ಕೋರ! ಅದಿಲ್ಲಂದ್ರ ಕೈನ ಓಡಂಗಿಲ್ಲ," ಎಂದರು ಒಳಗಿನಿಂದ.

ಹೆಮ್ಮೆಯಿಂದ ಬರೆದುಕೊಂಡು ಅಡುಗೆಮನೆಗೆ ಹೋದೆ. ಗೌರವ್ವ ನಮ್ಮ ಒಲೆಯ ನುಣುಪು ಗಾಜಿನ ಮೇಲೆ ಜೋಳದ ರೊಟ್ಟಿ ಬಡಿದು, ಪಕ್ಕದ ಗ್ಯಾಸಿನ ಮೇಲೆ ಬೇಯಿಸುತ್ತಿದ್ದರು.

"ಇದರ ಮ್ಯಾಲೆ ಬೇಯಿಸಂಗಿಲ್ಲೇನು?"

"ಉರಿನ ಇಲ್ಲ, ರೊಟ್ಟಿ ಹೆಂಗ ಉಬ್ಬತೈತ್ರಿ? ಬಡಿಯಾಕ ಮಾತ್ರ ಭಾಳ ಚೊಲೋ ಐತಿ. ಇನ್ನಷ್ಟು ಅಗಲ ಮಾಡ್ರಿ!"

ಇಬ್ಬರೂ ಮನಸಾರೆ ನಕ್ಕೆವು. ಮೊದಲು ಹೋಗಿದ್ದ ಮನೆಗಳಲ್ಲೂ ನಾನು ಪಡಸಾಲೆಯಿಂದಲೇ ಕೇಳಿ, 'ದಿನಾ ಎರಡೂ ಹೊತ್ತು' ಎಂಬ ಉತ್ತರವನ್ನೇ ಬರೆದುಕೊಂಡಿದ್ದೆ. ಎಲ್ಲ ಮನೆಗಳಿಗೂ ಮತ್ತೊಮ್ಮೆ ಹೋಗಿ, ಅಡುಗೆಮನೆಯಲ್ಲೇ ಕುಳಿತು ವಿಚಾರಿಸಲು ನಿರ್ಧರಿಸಿದೆ.