ಯಾರು ಎಷ್ಟು ಕೊಟ್ಟರೂ ಎರಡು ಸಾವಿರ ಹೆಚ್ಚು

ಅಮೆರಿಕದ ಟಕೋಮಾ ಊರಿನ ಬಸ್ಸುಗಳನ್ನು ಓಡಿಸುತ್ತಲೇ ನಾನೂ ನೋರೀನ್ ಹಲ್ವರ್ಸನ್ನೂ ಮುದುಕಿಯರಾದೆವು. ನನಗೆ ಬಾಯಿ ಜೋರು, ಅವಳಿಗೆ ತಾಳ್ಮೆ ಜಾಸ್ತಿ. ಆ ತಾಳ್ಮೆ ನೋಡಿದರೇ ನನಗೆ ಮೈ ಉರಿಯುತ್ತದೆ.

ಅವಳು ಬಯಸಿದ್ದು ದೊಡ್ಡದೇನಲ್ಲ, ಮೆಟ್ಟಿಲಿಲ್ಲದ ಒಂದು ಮನೆ. ಗಂಡ ಮರ್ಲ್‌ನ ಎರಡು ಮಂಡಿಗಳೂ ಕೈಕೊಟ್ಟಿದ್ದವು. ಬಾಡಿಗೆಗೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಆಸ್ಪತ್ರೆಗಲ್ಲದೆ ಬೇರೆ ಯಾವುದಕ್ಕೂ ಅವನು ಕೆಳಗಿಳಿಯುವುದನ್ನೇ ಬಿಟ್ಟಿದ್ದ. ನಾನು ಹೋದರೆ ಕಿಟಕಿಯಿಂದ ಕೈಬೀಸುತ್ತಿದ್ದ. ಮಹಡಿಯಿಲ್ಲದ ಮನೆ ಮಾರಾಟಕ್ಕೆ ಬಂದಾಗಲೆಲ್ಲ ನೋರೀನ್ ಬೆಲೆ ಬರೆದುಕೊಡುವಳು, ಇನ್ನಾರೋ ನಾಲ್ಕು ಕಾಸು ಹೆಚ್ಚು ಹೇಳಿ ಹಾರಿಸಿಕೊಂಡು ಹೋಗುವರು. ಹೀಗೇ ಎರಡು ವರ್ಷ ಕಳೆಯಿತು.

ಕೊನೆಗೆ ಅವಳ ದಾರಿಯಲ್ಲೇ, ಬಸ್ ಸ್ಟಾಪಿನ ಎದುರಿಗೇ, ಹೆಸ್ಟರ್ ಪ್ರಾಟ್ ಎಂಬ ಅಜ್ಜಿಯ ಅಂಥದೇ ಮನೆ ಮಾರಾಟಕ್ಕೆ ಬಂತು. ಅಜ್ಜಿ ದಿನವೂ ನೋರೀನಳ ಬಸ್ಸನ್ನೇ ಹತ್ತುವವಳು. ಅವಳಿಗಾಗಿ ನೋರೀನ್ ಗುಂಡಿ ಒತ್ತಿ ಬಸ್ಸಿನ ಬಾಗಿಲ ಕಡೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಬಗ್ಗಿಸಿ ನಿಲ್ಲಿಸುತ್ತಿದ್ದಳು.

ಮನೆ ಕೊಡಿಸುವ ಏಜೆಂಟ್ ಕರ್ಟಿಸ್ ಹೇಳಿದ: "ಈ ಸಲ ಬರೀ ಒಂದು ಬೆಲೆ ಬರೆಯೋದು ಬೇಡ. ಮೂರು ಲಕ್ಷ ಎಂಬತ್ತು ಸಾವಿರ ಡಾಲರ್ ಅನ್ನೋಣ. ಬೇರೆಯವರು ಎಷ್ಟು ಕೊಟ್ರೂ ಅದಕ್ಕಿಂತ ಎರಡು ಸಾವಿರ ಹೆಚ್ಚು, ನಾಲ್ಕು ಲಕ್ಷ ಹತ್ತು ಸಾವಿರದ ತನಕ ಅಂತ ಶರತ್ತು ಸೇರಿಸೋಣ. ಈಗ ಎಲ್ಲರೂ ಮಾಡೋದೇ. ಆದ್ರೆ ಮಾರೋರ ಹತ್ರ ನೀವು ಮಾತಾಡಬಾರದು, ಏನಿದ್ರೂ ನನ್ನ ಮೂಲಕ."

ನೋರೀನ್ ಹೇಳಿದ್ದನ್ನು ಕೇಳುವ ಹೆಂಗಸು. ದಿನಾ ಅಜ್ಜಿಯನ್ನು ಹತ್ತಿಸಿ ಇಳಿಸಿದಳು, ತುಟಿ ಬಿಚ್ಚಲಿಲ್ಲ.

ನೋರೀನಳದ್ದು ಬಿಟ್ಟರೆ ಅಜ್ಜಿಗೆ ಬಂದದ್ದು ಇನ್ನೊಂದೇ ಬೆಲೆ. ಯಾರೋ ಯುವ ದಂಪತಿ ಸೀದಾ ನಾಲ್ಕು ಲಕ್ಷ ಹೇಳಿದ್ದರು. ಶರತ್ತಿನ ಪ್ರಕಾರ ನೋರೀನಳ ಬೆಲೆ ನಾಲ್ಕು ಲಕ್ಷ ಎರಡು ಸಾವಿರಕ್ಕೆ ಏರಿತು. ಆದರೂ ಅಜ್ಜಿ ಮನೆಯನ್ನು ದಂಪತಿಗೇ ಕೊಟ್ಟಳು.

"ಹೋಗ್ಲಿ ಬಿಡೇ," ಎಂದಳು ನೋರೀನ್, ಆರಿದ ಕಾಫಿ ಹಿಡಿದುಕೊಂಡು.

"ಏನು ಹೋಗ್ಲಿ ಬಿಡು? ಆ ಮುದುಕಿಗೆ ಲೆಕ್ಕ ಬರಲ್ವಾ?"

"ಸುಸ್ತಾಗಿದೆ ಕಣೇ. ಜಗಳಾನೂ ನೀನೇ ಆಡ್ಕೋ."

ಮರುದಿನ ನಾನು ಡಿಪೋಗೆ ಹೋಗಲು ಅವಳ ಬಸ್ಸಿನಲ್ಲೇ ಕೂತಿದ್ದೆ. ಅಜ್ಜಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

"ನಿನ್ನ ಕಾಗದ ನೋಡಿದೆ ನೋರೀನ್. ಬೇರೆ ಯಾರೂ ಬರದಿದ್ರೆ ಎಷ್ಟು ಕೊಡ್ತಿದ್ದೆ?"

"ಮೂರು ಲಕ್ಷ ಎಂಬತ್ತು ಸಾವಿರ."

"ಕೈಲಿ ನಾಲ್ಕು ಲಕ್ಷ ಹತ್ತು ಸಾವಿರ ಇತ್ತಲ್ಲ."

"ಈಗ ಹಾಗೇ ಬರೆಯೋದು, ಮಿಸೆಸ್ ಪ್ರಾಟ್."

"ಇರಬಹುದು. ಆ ಹುಡುಗರು ಮನೆ ನೋಡಿ ಇಷ್ಟು ಅಂದ್ರು. ನೀನು ಅವರನ್ನ ನೋಡಿ ಇಷ್ಟು ಅಂದೆ. ನಾನು ಬಾಳಿ ಬದುಕಿದ ಮನೆ ಕಣಮ್ಮ. ನಿಂಗೆ ಅದರ ಮೇಲೆ ಆಸೆ ಇತ್ತೋ ಇಲ್ವೋ ಅಂತಾನೇ ನಂಗೆ ತಿಳೀಲಿಲ್ಲ."

ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಕನ್ನಡಿಯಲ್ಲಿ ನೋರೀನ್ ಬೇಡವೆಂದು ತಲೆಯಾಡಿಸಿದಳು. ನುಂಗಿಕೊಂಡೆ.

ಅಜ್ಜಿ ಅದೇ ರಸ್ತೆಯ ಕೊನೆಯಲ್ಲಿದ್ದ ತಂಗಿಯ ಮನೆಗೆ ಹೋದಳು, ಬಸ್ಸು ಮಾತ್ರ ಬಿಡಲಿಲ್ಲ. ಚಳಿಗಾಲ ಮುಗಿಯುತ್ತಿದ್ದಂತೆ ಹೊಸಬರು ಮನೆಯ ಚಾವಣಿ ಕಿತ್ತರು. ಒಂದು ಬೆಳಿಗ್ಗೆ ನಾನೂ ಬಸ್ಸಿನಲ್ಲಿದ್ದೆ. ಹಳೆಯ ಸ್ಟಾಪಿನಲ್ಲಿ ನಿಂತಾಗ ಗೋಡೆಗಳ ನಡುವೆ ಹೊಸ ಮರದ ಮೆಟ್ಟಿಲುಗಳು ಕಂಡವು.

"ಅದೇನು ಕಟ್ತಿದ್ದಾರೆ?" ಎಂದಳು ಅಜ್ಜಿ.

"ಮೇಲೊಂದು ಮಹಡಿ," ಎಂದಳು ನೋರೀನ್.

ಅಜ್ಜಿ ಬಹಳ ಹೊತ್ತು ನೋಡಿದಳು. ಬಸ್ಸು ಹೊರಟ ಮೇಲೆ ಕೇಳಿದಳು: "ನಿಂಗೆ ಯಾಕೆ ಬೇಕಿತ್ತು ಆ ಮನೆ?"

"ಮರ್ಲ್‌ಗೆ ಮೆಟ್ಟಿಲು ಹತ್ತೋಕಾಗಲ್ಲ. ನಿಮ್ಮ ಮನೇಲಿ ಒಂದೂ ಇರಲಿಲ್ಲ."

"ಅಯ್ಯೋ ದೇವರೇ. ದಿನಾ ಸಿಗ್ತಿದ್ದೆವಲ್ಲೇ. ಒಂದು ಮಾತು ಹೇಳ್ಬಾರ್ದಿತ್ತಾ?"

ಅಜ್ಜಿ ಇಳಿಯುವ ಜಾಗ ಬಂತು. ನೋರೀನ್ ಎಂದಿನಂತೆ ಬಸ್ಸನ್ನು ಬಗ್ಗಿಸಿದಳು. ಸೀಟಿನಿಂದೆದ್ದು, ಮುದುಕಿಯ ಕೈಹಿಡಿದು, ಅವಳ ಎರಡೂ ಕಾಲು ನೆಲಕ್ಕೆ ಊರುವವರೆಗೆ ನಿಂತಳು. ನಾನಾಗಿದ್ದರೆ ಆ ಕೈ ಹಿಡಿಯುತ್ತಿರಲಿಲ್ಲ.