ಸಾಹುಕಾರರ ಅಳಿಯ

ಯಾದಗಿರಿಯ ಪಾತ್ರೆ ಅಂಗಡಿಯ ಅಯ್ಯಣ್ಣ ಸಾಹುಕಾರರು ತಮ್ಮ ಕಾರ್ಡ್ ಮಷೀನಿಗೆ ಇಟ್ಟಿರುವ ಹೆಸರು ಅಳಿಯ. ಕೂತಲ್ಲೇ ಕೂತು, ಬ್ಯಾಂಕಿನ ಹೆಸರಲ್ಲಿ ನೂರಕ್ಕೆ ಎರಡು ರೂಪಾಯಿ ತಿನ್ನುವವನನ್ನು ಬೇರೇನೆಂದು ಕರೆಯಬೇಕು ಎಂಬುದು ಅವರ ವಾದ. ಗಿರಾಕಿ ಕಾರ್ಡ್ ತೆಗೆದರೆ ಸಾಕು, ಅಳಿಯನ ಮೇಲೆ ಟವೆಲ್ಲು ಬೀಳುತ್ತದೆ. "ಅಳಿಯ ಮಕ್ಕೊಂಡಾನ್ರಿ. ಕೈಯಾಗ ರೊಕ್ಕ ಕೊಡ್ರಿ, ಒಂದು ಚಮಚ ಪುಕ್ಕಟ ಕೊಡ್ತೀನಿ!" ಎಂಥ ದೊಡ್ಡ ಸಾಹೇಬರು ಬಂದರೂ ಅಳಿಯ ಏಳುವುದಿಲ್ಲ. ಮೊನ್ನೆ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುವ ರೇವತಿ ತನ್ನ ಅವ್ವನಿಗೆ ಕುಕ್ಕರ್ ಕೊಡಿಸಲು ಬಂದು ಹೊಸ ಕಾರ್ಡ್ ತೆಗೆದಳು. ಓದು ಬಾರದ ಅವ್ವ ಅದರ ಮೇಲೆ ಬೆರಳಾಡಿಸಿ, "ಇದರಾಗ ನನ್ನ ಮಗಳ ಹೆಸರು ಅದ ಏನ್ರಿ?" ಎಂದಳು. ಸಾಹುಕಾರರು ಆ ಹೆಸರನ್ನು ರಸ್ತೆಗೆಲ್ಲ ಕೇಳುವಂತೆ ಓದಿ, ಟವೆಲ್ಲನ್ನು ಎಳೆದು ಹೆಗಲಿಗೆ ಹಾಕಿಕೊಂಡರು. "ಏಳಪ್ಪಾ ಅಳಿಯ, ಇವತ್ತು ಹೊಟ್ಟಿ ತುಂಬ ಉಣ್ಣು!"